ಒಂದು ಇಂಚು ಮಳೆ ಅಂದರೆ ಎಷ್ಟು ನೀರು?

ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಕೊಡಗಿನಲ್ಲಿ ಫೋನ್ ಎತ್ತಿದವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ನಿಮ್ಮಲ್ಲಿ ಎಷ್ಟಾಯ್ತು?" ಆ ಕಡೆಯಿಂದ "ಒಂದು ಇಂಚು ಇಪ್ಪತ್ತು ಸೆಂಟ್" ಎಂದೋ "ಬರೀ ನಲವತ್ತು ಸೆಂಟ್, ಸಾಲದು" ಎಂದೋ ಉತ್ತರ ಬರುತ್ತದೆ. ಅದೇ ದಿನ ಮೊಬೈಲ್‌ಗೆ ಬರುವ ಎಚ್ಚರಿಕೆಯಲ್ಲಿ "115.6ರಿಂದ 204.4 ಮಿ.ಮೀ." ಎಂದಿರುತ್ತದೆ. ಮರುದಿನದ ಪತ್ರಿಕೆಯಲ್ಲಿ "12 ಸೆಂ.ಮೀ. ಮಳೆ" ಎಂದು ಬಂದಿರುತ್ತದೆ. ಒಂದೇ ಮಳೆಗೆ ಮೂರು ಲೆಕ್ಕ. ಕಾಫಿ ಮೊಗ್ಗು ಅರಳಿಸುವ ಹೂ ಮಳೆ ಸಾಕಾಯಿತೇ, ಸ್ಪ್ರಿಂಕ್ಲರ್ ಹಾಕಬೇಕೇ, ಬರೆಯ (ಕಡಿದಾದ ಮಣ್ಣಿನ ಇಳಿಜಾರಿನ) ಕೆಳಗಿನ ಮನೆಯಲ್ಲಿ ಇವತ್ತು ರಾತ್ರಿ ಮಲಗಬಹುದೇ ಎಂಬ ತೀರ್ಮಾನಗಳೆಲ್ಲ ಈ ಅಂಕಿಗಳನ್ನೇ ನಂಬಿಕೊಂಡಿವೆ. ಹಾಗಾಗಿ ಈ ಅಂಕಿ ಎಲ್ಲಿಂದ ಬರುತ್ತದೆ, ಎಷ್ಟು ನೀರನ್ನು ಹೇಳುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ಬುಡದಿಂದ ನೋಡೋಣ.

ಮಳೆಯನ್ನು ಲೀಟರಿನಲ್ಲಿ ಏಕೆ ಹೇಳುವುದಿಲ್ಲ

ನೀರನ್ನು ನಾವು ಲೀಟರಿನಲ್ಲಿ ಅಳೆಯುತ್ತೇವೆ, ಮಳೆಯನ್ನು ಮಾತ್ರ ಉದ್ದ ಅಳೆಯುವ ಇಂಚು, ಮಿಲಿಮೀಟರಿನಲ್ಲಿ ಹೇಳುತ್ತೇವೆ. ಕಾರಣ ಸರಳ. ಒಂದೇ ಮಳೆಗೆ ಅಗಲ ಬಾಯಿಯ ಹಂಡೆಯಲ್ಲಿ ಹೆಚ್ಚು ಲೀಟರ್ ಸೇರುತ್ತದೆ, ಸಣ್ಣ ಲೋಟದಲ್ಲಿ ಕಡಿಮೆ. ಆದರೆ ಎರಡರ ಗೋಡೆಯೂ ನೆಟ್ಟಗಿದ್ದರೆ, ನಿಂತ ನೀರಿನ ಆಳ ಎರಡರಲ್ಲೂ ಒಂದೇ. ಪಾತ್ರೆ ಬದಲಾದರೂ ಬದಲಾಗದ ಅಳತೆ ಆಳವೊಂದೇ.

"ಒಂದು ಇಂಚು ಮಳೆ" ಎಂದರೆ ಇಷ್ಟೇ: ಬಿದ್ದ ನೀರು ಹರಿಯದೆ, ಇಂಗದೆ, ಆವಿಯಾಗದೆ ಸಮತಟ್ಟಾದ ನೆಲದ ಮೇಲೆ ಹಾಗೆಯೇ ನಿಂತಿದ್ದರೆ ಅದರ ಆಳ ಒಂದು ಇಂಚು ಇರುತ್ತಿತ್ತು.

ಗೋಡೆ ನೆಟ್ಟಗಿರಬೇಕು ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಂಗಳದಲ್ಲಿಟ್ಟ ಬಕೆಟ್ ನೋಡಿ "ರಾತ್ರಿ ನಾಲ್ಕು ಇಂಚು ಹೊಡೆದಿದೆ" ಎನ್ನುವುದುಂಟು. ಬಕೆಟ್‌ನ ಬಾಯಿ ಅಗಲ, ತಳ ಕಿರಿದು. ಬಾಯಿಯ ವ್ಯಾಸ 30 ಸೆಂ.ಮೀ., ತಳದ್ದು 22 ಸೆಂ.ಮೀ. ಇದ್ದರೆ, ಬಾಯಿಯ ವಿಸ್ತೀರ್ಣ ತಳದ ಸುಮಾರು 1.86 ಪಟ್ಟು. ಅಗಲ ಬಾಯಿಯಿಂದ ಬಿದ್ದ ನೀರು ಕಿರಿದಾದ ತಳದಲ್ಲಿ ಸೇರುವುದರಿಂದ ಆಳ ಹೆಚ್ಚಾಗಿ ಕಾಣುತ್ತದೆ. ತಳದಲ್ಲಿ ಒಂದು ಇಂಚು ನಿಂತಿದ್ದರೆ ನಿಜವಾಗಿ ಬಿದ್ದದ್ದು ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಇಂಚು, ಸೆಂಟ್, ಮಿಲಿಮೀಟರ್

ಒಂದು ಇಂಚು 25.4 ಮಿ.ಮೀ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್, ಅಂದರೆ ಸುಮಾರು ಕಾಲು ಮಿಲಿಮೀಟರ್. ದೇಶಕ್ಕೆ ಮೆಟ್ರಿಕ್ ಕಾಯ್ದೆ ಬಂದದ್ದು 1956ರಲ್ಲಿ. ತೋಟದ ಪುಸ್ತಕಗಳು ಇಂದಿಗೂ ಇಂಚಿನಲ್ಲೇ ನಡೆಯುತ್ತಿವೆ. ಅಜ್ಜನ ಕಾಲದ ಲೆಕ್ಕಕ್ಕೆ ಈ ವರ್ಷದ್ದನ್ನು ಹೋಲಿಸಲು ಅದೇ ಅನುಕೂಲ, ಹಾಗಾಗಿ ಬದಲಾಯಿಸುವ ಅಗತ್ಯವೇನೂ ಕಾಣುವುದಿಲ್ಲ.

ಬಾಯಿಲೆಕ್ಕಕ್ಕೆ ಮಿಲಿಮೀಟರನ್ನು 4ರಿಂದ ಗುಣಿಸಿ 100ರಿಂದ ಭಾಗಿಸಿದರೆ ಇಂಚು ಸಿಗುತ್ತದೆ. 50 ಮಿ.ಮೀ. ಎರಡು ಇಂಚು, 100 ಮಿ.ಮೀ. ನಾಲ್ಕು ಇಂಚು. ನಿಖರ ಉತ್ತರಕ್ಕಿಂತ ಇದು ನೂರಕ್ಕೆ ಒಂದೂವರೆಯಷ್ಟು ಹೆಚ್ಚು ತೋರಿಸುತ್ತದೆ, ಮಾತಿಗೆ ಅದು ತೊಂದರೆಯಿಲ್ಲ. ಪತ್ರಿಕೆಯ ಸೆಂಟಿಮೀಟರ್ ಲೆಕ್ಕಕ್ಕೆ 10 ಸೆಂ.ಮೀ. ಎಂದರೆ ಹೆಚ್ಚುಕಡಿಮೆ ನಾಲ್ಕು ಇಂಚು ಎಂದು ನೆನಪಿಟ್ಟರೆ ಸಾಕು.

ಒಂದು ಎಕರೆಗೆ ಲಕ್ಷ ಲೀಟರ್

ಮೆಟ್ರಿಕ್‌ನಲ್ಲಿ ಒಂದು ಸೊಗಸಾದ ಹೊಂದಾಣಿಕೆ ಇದೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಆ ನೀರು ಸರಿಯಾಗಿ ಒಂದು ಲೀಟರ್. ಮಿಕ್ಕ ಲೆಕ್ಕವೆಲ್ಲ ಇದರಿಂದಲೇ ಬರುತ್ತದೆ.

ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದನ್ನು 25.4ರಿಂದ ಗುಣಿಸಿದರೆ ಸುಮಾರು 1,02,800 ಲೀಟರ್. ಒಂದೇ ಒಂದು ಇಂಚು ಮಳೆ ಪ್ರತಿ ಎಕರೆಯ ಮೇಲೆ ನೂರು ಟನ್ನಿಗೂ ಹೆಚ್ಚು ನೀರನ್ನು ಸುರಿಯುತ್ತದೆ. 12 ಸಾವಿರ ಲೀಟರಿನ ಟ್ಯಾಂಕರ್‌ನಲ್ಲಿ ಇಷ್ಟನ್ನು ತರಿಸಬೇಕಾದರೆ ಎಂಟೂವರೆ ಲೋಡ್ ಬೇಕು. ಎರಡು ಸೆಂಟ್ ಜಾಗದ ಮನೆ ಕಟ್ಟಿದವರಿಗೆ ಲೆಕ್ಕ ಇನ್ನೂ ಸುಲಭ: ಒಂದು ಸೆಂಟ್ ನೆಲಕ್ಕೆ (ಇಲ್ಲಿ ಸೆಂಟ್ ಎಂದರೆ ಎಕರೆಯ ನೂರನೇ ಒಂದು ಭಾಗ) ಒಂದು ಇಂಚು ಮಳೆ ಬಿದ್ದರೆ 1,028 ಲೀಟರ್, ಸಾವಿರ ಲೀಟರಿನ ಒಂದು ಟ್ಯಾಂಕ್ ತುಂಬಿ ಮಿಗುವಷ್ಟು.

ಮನೆಯ ಮಾಡಿನ ನೀರು ಹಿಡಿಯುವವರು ಇಲ್ಲೊಂದು ವಿಷಯ ಗಮನಿಸಬೇಕು. ಇಳಿಜಾರು ಹೆಂಚಿನ ಮಾಡಿನ ವಿಸ್ತೀರ್ಣವನ್ನು ಹೆಂಚಿನ ಮೇಲೆ ಅಳೆಯಬಾರದು, ಮಾಡು ನೆಲದ ಮೇಲೆ ಎಷ್ಟು ಜಾಗವನ್ನು ಮುಚ್ಚಿದೆ ಎಂದು ಅಳೆಯಬೇಕು. ಎಷ್ಟೇ ಕಡಿದಾದ ಮಾಡಾದರೂ ನೇರ ಬೀಳುವ ಮಳೆಗೆ ಸಿಗುವುದು ಆ ಜಾಗವಷ್ಟೇ. 1,000 ಚದರ ಅಡಿ ಮುಚ್ಚುವ ಮಾಡಿಗೆ ಒಂದು ಇಂಚಿಗೆ 2,360 ಲೀಟರ್ ಬೀಳುತ್ತದೆ. ಅದರಲ್ಲಿ ಹೆಂಚು ಹೀರುವುದು, ಸಿಡಿದು ಹೋಗುವುದು, ದಂಬೆಯಿಂದ ಹೊರಗೆ ಚೆಲ್ಲುವುದು ಎಲ್ಲ ಕಳೆಯಬೇಕು. ಇಳಿಜಾರು ತೋಟಕ್ಕೂ ಇದೇ ನಿಯಮ. ಸರ್ವೆಯಲ್ಲಿ ಬರೆಯುವ ಎಕರೆಯೂ ಸಮತಟ್ಟಿನ ಅಳತೆಯೇ ಆದ್ದರಿಂದ ಅಲ್ಲಿ ಬೇರೆ ಲೆಕ್ಕ ಬೇಕಿಲ್ಲ.

ಮಳೆಮಾಪಕದ ಒಳಗೆ

ತೋಟಗಳಲ್ಲಿ ಎಲ್ಲರೂ ರೈನ್ ಗೇಜ್ ಎನ್ನುವ ಸಾಧನದಲ್ಲಿ ಮೂರೇ ಭಾಗ: ಮೇಲೆ ಲಾಳಿಕೆ, ಅದರ ಕೆಳಗೆ ನೀರು ಸೇರುವ ಬಾಟಲಿ, ಎರಡನ್ನೂ ಹಿಡಿದಿಡುವ ಹೊರಡಬ್ಬಿ. ಜೊತೆಗೆ ಗೀಟು ಹಾಕಿದ ಒಂದು ಅಳತೆ ಗ್ಲಾಸ್. ಲಾಳಿಕೆ ಅಗಲ, ಗ್ಲಾಸ್ ಕಿರಿದು. ಹಾಗಾಗಿ ಲಾಳಿಕೆಯ ಮೇಲೆ ಬಿದ್ದ ಒಂದು ಮಿಲಿಮೀಟರ್ ನೀರು ಗ್ಲಾಸಿನಲ್ಲಿ ಹಲವು ಪಟ್ಟು ಎತ್ತರಕ್ಕೆ ನಿಲ್ಲುತ್ತದೆ, ಒಂದೊಂದು ಸೆಂಟನ್ನೂ ಕಣ್ಣಿನಲ್ಲೇ ಓದಬಹುದು.

ಹಳೆಯ ತೋಟಗಳಲ್ಲಿರುವ ಸೈಮನ್ಸ್ ಮಾದರಿಯ ಲಾಳಿಕೆಗೆ ಐದು ಇಂಚು ವ್ಯಾಸ. ಅದರಲ್ಲಿ ಒಂದು ಇಂಚು ಮಳೆ ಎಂದರೆ ಸುಮಾರು 322 ಮಿಲಿ ಲೀಟರ್ ನೀರು. ಹವಾಮಾನ ಇಲಾಖೆ ಈಗ ಬಳಸುವ ಫೈಬರ್ ಮಾಪಕಗಳಲ್ಲಿ ಬಾಯಿಯ ವಿಸ್ತೀರ್ಣ 200 ಅಥವಾ 100 ಚದರ ಸೆಂ.ಮೀ. ಮೊದಲನೆಯದರಲ್ಲಿ ಒಂದು ಮಿ.ಮೀ. ಮಳೆಗೆ 20 ಮಿಲಿ ಲೀಟರ್, ಎರಡನೆಯದರಲ್ಲಿ 10.

ಗ್ಲಾಸ್ ಒಡೆದಾಗಲೇ ದೊಡ್ಡ ತಪ್ಪು ಆಗುವುದು. ಪ್ರತಿ ಗ್ಲಾಸಿನ ಗೀಟು ಅದರ ಜೋಡಿ ಲಾಳಿಕೆಗೆ ಮಾತ್ರ ಸರಿ. 100 ಚದರ ಸೆಂ.ಮೀ. ಬಾಯಿಯ ಮಾಪಕಕ್ಕೆ 200ರ ಗ್ಲಾಸ್ ತಂದರೆ ಒಂದು ಇಂಚು ಮಳೆ ಅರ್ಧ ಇಂಚಾಗಿ ಕಾಣುತ್ತದೆ. ಎಂಟು ಇಂಚಿನ ಲಾಳಿಕೆಗೆ ಐದು ಇಂಚಿನದರ ಗ್ಲಾಸ್ ಬಳಸಿದರೆ ಮಳೆ ಎರಡೂವರೆ ಪಟ್ಟಾಗುತ್ತದೆ. ಹೊಸ ಗ್ಲಾಸ್ ತಂದ ದಿನವೇ ಲಾಳಿಕೆಯ ಒಳವ್ಯಾಸ ಅಳೆದು, ಮೇಲಿನ ಲೆಕ್ಕದಷ್ಟು ನೀರನ್ನು ಔಷಧಿ ಅಳೆಯುವ ಸಿರಿಂಜಿನಿಂದ ಗ್ಲಾಸಿಗೆ ಹಾಕಿ ಗೀಟು ಹೊಂದುತ್ತದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ.

ಕಕ್ಕಡ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ) ಜಡಿಮಳೆಯಲ್ಲಿ ಮತ್ತೊಂದು ತೊಂದರೆ. 200 ಚದರ ಸೆಂ.ಮೀ. ಬಾಯಿಗೆ ಎರಡು ಲೀಟರ್ ಬಾಟಲಿ ಇಟ್ಟಿದ್ದರೆ ಅದು 100 ಮಿ.ಮೀ.ಗೆ, ಅಂದರೆ ನಾಲ್ಕು ಇಂಚಿಗೆ ತುಂಬಿಹೋಗುತ್ತದೆ. ಮೇಲಿನದು ಹೊರಡಬ್ಬಿಗೆ ಚೆಲ್ಲುತ್ತದೆ. ಬಾಟಲಿಯಷ್ಟನ್ನೇ ಅಳೆದು ಡಬ್ಬಿಯ ನೀರನ್ನು ಹುಲ್ಲಿಗೆ ಸುರಿದರೆ ಆ ದಿನ ಎಷ್ಟೇ ಸುರಿದಿದ್ದರೂ ಪುಸ್ತಕದಲ್ಲಿ ನಾಲ್ಕು ಇಂಚೇ ಉಳಿಯುತ್ತದೆ. ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಜುಲೈಗೆ ಮೊದಲೇ ದೊಡ್ಡ ಬಾಟಲಿ ಬೇಕು. ಗ್ಲಾಸಿಗೆ ಹಲವು ಸಲ ಸುರಿದು ಅಳೆಯುವಾಗ ಎಷ್ಟನೆಯದು ಎಂಬುದೂ ಮರೆಯುತ್ತದೆ. ಪ್ರತಿ ಸಲ ಕಾಗದದ ಮೇಲೆ ಒಂದು ಗೀಟು ಹಾಕುವುದೇ ಪರಿಹಾರ.

ಎಲ್ಲಿ ಇಡಬೇಕು

ಲಾಳಿಕೆಯ ಅಂಚು ನೆಲದಿಂದ 30 ಸೆಂ.ಮೀ., ಅಂದರೆ ಒಂದು ಅಡಿ ಎತ್ತರದಲ್ಲಿರಬೇಕು. ಇನ್ನೂ ತಗ್ಗಿದರೆ ನೆಲಕ್ಕೆ ಬಿದ್ದ ಹನಿ ಸಿಡಿದು ಒಳಬರುತ್ತದೆ. ಮೇಲೆ ಹೋದಷ್ಟೂ ಗಾಳಿಯ ವೇಗ ಹೆಚ್ಚು, ಅಂಚಿನ ಮೇಲೆ ಏಳುವ ಸುಳಿ ಹನಿಗಳನ್ನು ಆಚೆ ಒಯ್ಯುತ್ತದೆ. ಟೆರೇಸಿನ ಮೇಲಿಟ್ಟ ಮಾಪಕ ಗಾಳಿಮಳೆಯ ದಿನ ಕಡಿಮೆ ತೋರಿಸುವುದು ಇದರಿಂದ.

ಮರ, ಮನೆ, ಬೇಲಿ ಯಾವುದೇ ಇರಲಿ, ಅದರ ಎತ್ತರದ ಎರಡು ಪಟ್ಟು ದೂರದಲ್ಲಿ ಮಾಪಕ ಇರಬೇಕು. 50 ಅಡಿಯ ಸಿಲ್ವರ್ ಓಕ್‌ನಿಂದ 100 ಅಡಿ. ಕಾಫಿ ತೋಟದೊಳಗೆ ಇಂಥ ಜಾಗ ಸಿಗುವುದಿಲ್ಲ, ಗದ್ದೆಯ ಬದಿಯೋ ಕಣದ ಪಕ್ಕದ ಹುಲ್ಲೋ ನೋಡಬೇಕು. ಕಣದ ಸಿಮೆಂಟಿನ ಮೇಲೆ ಮಾತ್ರ ಬೇಡ, ಗಟ್ಟಿ ನೆಲದಿಂದ ಹನಿ ಬಹಳ ಎತ್ತರಕ್ಕೆ ಚಿಮ್ಮುತ್ತದೆ. ನೆರಳುಮರದಡಿ ಇಟ್ಟರೆ ಸಣ್ಣ ಮಳೆಯನ್ನು ಎಲೆಗಳೇ ಹಿಡಿದಿಟ್ಟುಕೊಳ್ಳುತ್ತವೆ, ದೊಡ್ಡ ಮಳೆಯಲ್ಲಿ ಕೊಂಬೆಯ ತುದಿಯಿಂದ ಧಾರೆ ಇಳಿಯುತ್ತದೆ. ಎರಡೂ ಸುಳ್ಳು ಲೆಕ್ಕ.

ಸ್ಪಿರಿಟ್ ಲೆವೆಲ್ ಇಟ್ಟು ಬಾಯಿ ಸಮವಾಗಿದೆಯೇ ನೋಡಬೇಕು. ಲಾಳಿಕೆಯ ಕಂಡಿಯಲ್ಲಿ ಎಲೆ, ಜೇಡರ ಬಲೆ ಕಟ್ಟಿಕೊಂಡರೆ ನೀರು ಮೇಲೆಯೇ ನಿಂತು ಆವಿಯಾಗುತ್ತದೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟ ಮಾಪಕವನ್ನು ಹೂ ಮಳೆಗೆ ಮೊದಲು ಒಮ್ಮೆ ತೊಳೆದಿಡಬೇಕು. ಅಂಚು ನೆಗ್ಗಿದ್ದರೆ ಬಾಯಿಯ ವಿಸ್ತೀರ್ಣವೇ ಬದಲಾಗಿರುತ್ತದೆ, ಅಂಥದನ್ನು ರಿಪೇರಿ ಮಾಡಿಸದೆ ಬಳಸಬಾರದು.

ಬೆಳಿಗ್ಗೆ ಎಂಟೂವರೆಯೇ ಏಕೆ

ಭಾರತದಲ್ಲಿ ಅಧಿಕೃತ ಮಳೆದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಜಗತ್ತಿನ ಹವಾಮಾನ ಕೇಂದ್ರಗಳೆಲ್ಲ ಒಪ್ಪಿಕೊಂಡಿರುವ ಸಮಾನ ವೇಳೆಯಲ್ಲಿ ಅದು ಸರಿಯಾಗಿ ಮೂರು ಗಂಟೆ, ನಮ್ಮ ಗಡಿಯಾರ ಐದೂವರೆ ಗಂಟೆ ಮುಂದಿರುವುದರಿಂದ ಇಲ್ಲಿ ಎಂಟೂವರೆ. ನಿನ್ನೆ 8.30ರಿಂದ ಇಂದು 8.30ರವರೆಗೆ ಬಿದ್ದದ್ದನ್ನು ಇಂದಿನ ತಾರೀಕಿಗೆ ಬರೆಯುತ್ತಾರೆ. ನಿನ್ನೆ ಸಂಜೆಯ ಗುಡುಗುಮಳೆ ಪಟ್ಟಿಯಲ್ಲಿ ಇಂದಿನ ದಿನಾಂಕಕ್ಕೆ ಸೇರುವುದು ಹೀಗೆ. ತೋಟದ ಪುಸ್ತಕಕ್ಕೂ ಸರ್ಕಾರಿ ಪಟ್ಟಿಗೂ ಒಂದು ದಿನದ ವ್ಯತ್ಯಾಸ ಕಂಡರೆ ಮೊದಲು ಇದನ್ನು ನೋಡಬೇಕು. ಏಳು ಗಂಟೆಗೇ ಅಳೆಯುವ ರೂಢಿ ಇದ್ದರೂ ಅಡ್ಡಿಯಿಲ್ಲ, ದಿನವೂ ಅದೇ ಹೊತ್ತಾಗಿರಬೇಕು.

ತಾನೇ ಎಣಿಸುವ ಮಾಪಕ

ಗ್ರಾಮ ಪಂಚಾಯಿತಿಗಳ ಬಳಿ ಸೋಲಾರ್ ಪ್ಯಾನೆಲ್ ಹೊತ್ತು ನಿಂತ ಕಂಬಗಳು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು. ಲಾಳಿಕೆಯ ಕೆಳಗೆ ಮಕ್ಕಳು ಆಡುವ ಸೀ-ಸಾ ಹಲಗೆಯಂತೆ ನಡುವೆ ಆಧಾರವಿರುವ ಎರಡು ಪುಟ್ಟ ತೊಟ್ಟಿಗಳು. ಒಂದು ತುಂಬಿದ ಕೂಡಲೇ ಭಾರಕ್ಕೆ ಬಾಗಿ ನೀರು ಚೆಲ್ಲುತ್ತದೆ, ಇನ್ನೊಂದು ಲಾಳಿಕೆಯ ಕೆಳಗೆ ಬರುತ್ತದೆ. ಪ್ರತಿ ಬಾಗಿಗೂ ಒಂದು ಎಣಿಕೆ. ಮಾದರಿಗೆ ತಕ್ಕಂತೆ ಒಂದು ಬಾಗು 0.2 ಅಥವಾ 0.5 ಮಿ.ಮೀ. ಮಳೆಗೆ ಸಮ. ಅಂಕಿಗಳು 15 ನಿಮಿಷಕ್ಕೊಮ್ಮೆ ಕೇಂದ್ರಕ್ಕೆ ಹೋಗುತ್ತವೆ.

ಇದರ ಬಲ ಇರುವುದು ವೇಗ ತಿಳಿಸುವುದರಲ್ಲಿ. ಬಾಟಲಿ ದಿನದ ಮೊತ್ತ ಹೇಳಬಲ್ಲದು, ಆ ಮೊತ್ತ ಒಂದು ಗಂಟೆಯಲ್ಲಿ ಸುರಿಯಿತೋ ಇಡೀ ರಾತ್ರಿ ಜಿನುಗಿತೋ ಹೇಳಲಾರದು. ದೌರ್ಬಲ್ಯವೂ ಉಂಟು. ತೊಟ್ಟಿ ಬಾಗುವ ಕ್ಷಣದಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗುವುದಿಲ್ಲ, ಮಳೆ ಬಿರುಸಾದಷ್ಟೂ ಈ ನಷ್ಟ ಹೆಚ್ಚು. ಬಿರುಮಳೆಯ ದಿನ ಪಕ್ಕದ ಬಾಟಲಿ ಮಾಪಕ ತುಸು ಹೆಚ್ಚು ತೋರಿಸಿದರೆ ಬಾಟಲಿಯನ್ನೇ ನಂಬಬಹುದು.

ಹೂ ಮಳೆಗೆ ಎಷ್ಟು ಬೇಕು

ಒಂದೊಂದು ಸೆಂಟಿಗೂ ಬೆಲೆ ಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಕಾಫಿಯ ಮೊಗ್ಗುಗಳು ಒಣಹವೆಯಲ್ಲಿ ಬೆಳವಣಿಗೆ ನಿಲ್ಲಿಸಿ ಕಾಯುತ್ತಿರುತ್ತವೆ. ಒಳ್ಳೆಯ ಮಳೆ ಬಿದ್ದರೆ ಎಚ್ಚೆತ್ತು, ವಾರದಿಂದ ಹತ್ತು ದಿನದೊಳಗೆ ಒಟ್ಟಿಗೇ ಅರಳುತ್ತವೆ. ರೋಬಸ್ಟಾಗೆ ಒಂದರಿಂದ ಒಂದೂವರೆ ಇಂಚು ಬೇಕು. ನಲವತ್ತು ಸೆಂಟ್‌ನಂಥ ಮಳೆ ಬಂದು ನಿಂತುಹೋದರೆ ಇನ್ನೂ ಕಷ್ಟ: ಮೊಗ್ಗು ಎಚ್ಚರವಾಗಿರುತ್ತದೆ, ಪೂರ್ತಿ ಅರಳುವಷ್ಟು ನೀರು ಬೇರಿಗೆ ಸಿಕ್ಕಿರುವುದಿಲ್ಲ, ಮೊಗ್ಗು ಬಣ್ಣಗೆಟ್ಟು ಒಣಗುತ್ತದೆ. ರೋಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗವೇ ಬೇಕು, ಆದ್ದರಿಂದ ಹೂ ಚೆದುರಿ ಅರಳಿದರೆ ನಷ್ಟ ಇಮ್ಮಡಿ. ಹೂವಾಗಿ ಎರಡು ಮೂರು ವಾರಕ್ಕೆ ಬೇಕಾದ ಎರಡನೇ ಮಳೆಯೇ ಬ್ಯಾಕಿಂಗ್ ಮಳೆ.

ಹಾಗಾಗಿ ಅರ್ಧಂಬರ್ಧ ಮಳೆ ಬಂದ ದಿನ ಕೊರತೆಯನ್ನು ಸ್ಪ್ರಿಂಕ್ಲರ್‌ನಿಂದ ತುಂಬುತ್ತಾರೆ. ಎಷ್ಟು ಹೊತ್ತು ಓಡಿಸಬೇಕು? ಒಂದು ಜೆಟ್‌ನಿಂದ ಗಂಟೆಗೆ ಬರುವ ಲೀಟರನ್ನು ಅದರ ಪಾಲಿನ ಚದರ ಮೀಟರಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಮಿಲಿಮೀಟರ್ ಎಂದು ಸಿಗುತ್ತದೆ. 12 ಮೀಟರಿಗೊಂದರಂತೆ ಎರಡೂ ದಿಕ್ಕಿಗೆ ಜೆಟ್ ಇಟ್ಟಿದ್ದರೆ ಒಂದರ ಪಾಲು 144 ಚದರ ಮೀಟರ್. ಗಂಟೆಗೆ 1,440 ಲೀಟರ್ ಚೆಲ್ಲುವ ಜೆಟ್ ಆದರೆ ಗಂಟೆಗೆ 10 ಮಿ.ಮೀ. ಒಂದು ಇಂಚಿಗೆ ಎರಡೂವರೆ ಗಂಟೆ, ಒಂದೂವರೆ ಇಂಚಿಗೆ ನಾಲ್ಕು ಗಂಟೆಗೆ ತುಸು ಕಡಿಮೆ.

ಇದು ಕಾಗದದ ಲೆಕ್ಕ. ಗುಡ್ಡದ ಮೇಲಿನ ಜೆಟ್‌ಗೆ ಒತ್ತಡ ಕಡಿಮೆ, ತಗ್ಗಿನದಕ್ಕೆ ಹೆಚ್ಚು. ನಿಜ ತಿಳಿಯಲು ನೆಟ್ಟಗಿನ ಗೋಡೆಯ ಹಾಲಿನ ಪುಡಿ ಡಬ್ಬಿಗಳನ್ನು ಎರಡು ಜೆಟ್‌ಗಳ ನಡುವೆ, ಎಲೆಯ ಹನಿ ಬೀಳದ ಕಡೆ ಸಾಲಾಗಿ ಇಟ್ಟು, ಒಂದು ಗಂಟೆ ಓಡಿಸಿ ಸ್ಕೇಲ್ ಇಳಿಸಿ ನೋಡಬೇಕು. ಯಾವ ಡಬ್ಬಿಯಲ್ಲಿ ಅತಿ ಕಡಿಮೆ ಇದೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಸರಾಸರಿ ಹಿಡಿದರೆ ಒಣಗಿದ ಮೂಲೆಯ ಗಿಡಗಳಿಗೆ ಏನೂ ಉಪಕಾರವಾಗುವುದಿಲ್ಲ.

ಹಳದಿ, ಆರೆಂಜ್, ರೆಡ್

ಹವಾಮಾನ ಇಲಾಖೆಯ ಪದಗಳಿಗೆ ನಿಗದಿಯಾದ ಅಳತೆ ಇದೆ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಆದರೆ ಭಾರಿ ಮಳೆ, ನಮ್ಮ ಲೆಕ್ಕದಲ್ಲಿ ಎರಡೂವರೆಯಿಂದ ನಾಲ್ಕೂವರೆ ಇಂಚು. 115.6ರಿಂದ 204.4 ಮಿ.ಮೀ. ಅತಿ ಭಾರಿ, ಅಂದರೆ ಎಂಟು ಇಂಚಿನವರೆಗೆ. ಅದನ್ನು ಮೀರಿದ್ದು ಅತ್ಯಂತ ಭಾರಿ ಮಳೆ. ಹಳದಿ ಎಂದರೆ ಗಮನಿಸುತ್ತಿರಿ, ಆರೆಂಜ್ ಎಂದರೆ ಸಿದ್ಧರಾಗಿರಿ, ರೆಡ್ ಎಂದರೆ ಕ್ರಮ ಕೈಗೊಳ್ಳಿ. ಬಣ್ಣ ಕೊಡುವಾಗ ಮಳೆಯ ಪ್ರಮಾಣದ ಜೊತೆಗೆ ಅದು ಬರುವ ಸಾಧ್ಯತೆ, ಆಗಬಹುದಾದ ಹಾನಿಯನ್ನೂ ನೋಡುತ್ತಾರೆ. ಇಡೀ ಜಿಲ್ಲೆಗೆ ಒಂದೇ ಬಣ್ಣ ಬಂದರೂ ಪ್ರತಿ ಊರಿಗೂ ಅಷ್ಟೇ ಮಳೆ ಬೀಳುತ್ತದೆ ಎಂದಲ್ಲ.

ಕೊಡಗಿನಲ್ಲಂತೂ ಅದು ಸಾಧ್ಯವೇ ಇಲ್ಲ. ಅರಬ್ಬಿ ಸಮುದ್ರದ ತೇವ ಹೊತ್ತ ಗಾಳಿ ಘಟ್ಟ ಏರುವಾಗ ತಣಿದು ಪಶ್ಚಿಮದ ಅಂಚಿನಲ್ಲೇ ಸುರಿಯುತ್ತದೆ, ಪೂರ್ವಕ್ಕೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಭಾಗಮಂಡಲದಲ್ಲಿ ವರ್ಷಕ್ಕೆ 200 ಇಂಚು ದಾಟುವುದುಂಟು, ಮಡಿಕೇರಿಯಲ್ಲಿ 120ರ ಆಸುಪಾಸು, ಮಡಿಕೇರಿಯಿಂದ ಮೂವತ್ತು ಕಿಲೋಮೀಟರ್ ಕೆಳಗಿರುವ ಕುಶಾಲನಗರದಲ್ಲಿ ಭಾಗಮಂಡಲದ ಕಾಲು ಭಾಗವೂ ಇಲ್ಲ. ಜಿಲ್ಲೆಯ ಸರಾಸರಿ ಎಂಬ ಅಂಕಿ ಈ ಮೂರರಲ್ಲಿ ಯಾವ ಊರನ್ನೂ ಹೇಳುವುದಿಲ್ಲ.

ಬರೆ ಜರಿಯುವ ಭಯ ಇರುವವರು ಇಂದಿನ ಅಂಕಿಯ ಜೊತೆಗೆ ಹಿಂದಿನ ದಿನಗಳದ್ದನ್ನೂ ಕೂಡಿಸಿ ನೋಡಬೇಕು. ಒಣ ಮಣ್ಣಿನ ಸಂದುಗಳಲ್ಲಿ ಗಾಳಿ ಇರುತ್ತದೆ, ನೀರಿಗೆ ಜಾಗ ಇರುತ್ತದೆ. ವಾರಗಟ್ಟಲೆ ನೆನೆದ ಮೇಲೆ ಸಂದುಗಳೆಲ್ಲ ತುಂಬಿ, ಒಳಗಿನ ನೀರಿನ ಒತ್ತಡ ಮಣ್ಣಿನ ಕಣಗಳ ಹಿಡಿತವನ್ನು ಸಡಿಲಿಸುತ್ತದೆ, ಮೇಲಿನ ಭಾರವೂ ಏರಿರುತ್ತದೆ. ಜೂನ್ ಮೊದಲ ವಾರದ ನಾಲ್ಕು ಇಂಚನ್ನು ತಡೆದ ಇಳಿಜಾರು ಆಗಸ್ಟಿನ ನಾಲ್ಕು ಇಂಚನ್ನು ತಡೆಯಬೇಕೆಂದಿಲ್ಲ. 2018, 2019, 2020 ಮೂರೂ ವರ್ಷ ಜಿಲ್ಲೆಯ ದೊಡ್ಡ ಭೂಕುಸಿತಗಳು ಆಗಸ್ಟಿನಲ್ಲೇ ಆದವು. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಇಲ್ಲದ ಕಡೆ ಒಸರುವ ಕೆಸರು ನೀರು ಕಂಡರೆ ಇಂಚಿನ ಲೆಕ್ಕ ಬಿಟ್ಟು ಜಾಗ ಖಾಲಿ ಮಾಡಬೇಕು.

ಮನೆಯಲ್ಲೇ ಒಂದು

ಅಂಗಡಿಯ ಮಾಪಕ ಬೇಡವೆಂದರೆ 16 ಸೆಂ.ಮೀ. ಒಳವ್ಯಾಸದ ಪ್ಲಾಸ್ಟಿಕ್ ಲಾಳಿಕೆ, ಐದು ಲೀಟರಿನ ಕ್ಯಾನ್, ಮಿಲಿ ಲೀಟರ್ ಗೀಟಿರುವ ಒಂದು ಜಗ್ ಸಾಕು. ಆ ಬಾಯಿಯ ವಿಸ್ತೀರ್ಣ ಹೆಚ್ಚುಕಡಿಮೆ 200 ಚದರ ಸೆಂ.ಮೀ., ಆದ್ದರಿಂದ 20 ಮಿಲಿ ಲೀಟರಿಗೆ ಒಂದು ಮಿಲಿಮೀಟರ್, 508 ಮಿಲಿ ಲೀಟರಿಗೆ ಒಂದು ಇಂಚು. ಐದು ಲೀಟರ್ ಕ್ಯಾನ್ ಸುಮಾರು ಹತ್ತು ಇಂಚಿನವರೆಗೆ ತಡೆಯುತ್ತದೆ. ಕ್ಯಾನನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂತು, ಲಾಳಿಕೆಯ ಅಂಚು ಒಂದು ಅಡಿ ಎತ್ತರಕ್ಕೆ ಬರುವಂತೆ ಪೈಪಿನ ತುಂಡು ಸೇರಿಸಿ, ಸುತ್ತ ಮೂರು ಗೂಟ ಹೊಡೆದು ಕಟ್ಟಿದರೆ ಗಾಳಿಗೆ ಅಲುಗುವುದಿಲ್ಲ. ಪೈಪಿನ ಸಂದಿಯಿಂದ ಹೊರಗಿನ ನೀರು ಇಳಿಯದಂತೆ ಎಂಸೀಲ್ ಹಚ್ಚಬೇಕು.

ಪುಸ್ತಕದಲ್ಲಿ ತಾರೀಕು, ಅಳೆದ ಹೊತ್ತು, ಪ್ರಮಾಣ, ತಿಂಗಳ ಈವರೆಗಿನ ಮೊತ್ತ ಎಂದು ನಾಲ್ಕು ಕಾಲಂ ಇರಲಿ. ಮಳೆ ಬಾರದ ದಿನ ಸೊನ್ನೆ ಬರೆಯಲೇಬೇಕು, ಖಾಲಿ ಬಿಟ್ಟರೆ ಮಳೆ ಇರಲಿಲ್ಲವೋ ಅಳೆಯಲಿಲ್ಲವೋ ಎಂದು ಮುಂದೆ ತಿಳಿಯುವುದಿಲ್ಲ. ಮದುವೆಗೋ ಹಬ್ಬಕ್ಕೋ ಹೋಗಿ ಮೂರು ದಿನ ಅಳೆಯದೆ ಉಳಿದರೆ, ಬಂದ ದಿನ ಸಿಕ್ಕಿದ್ದನ್ನು ಮೂರರಿಂದ ಭಾಗಿಸಿ ಹಂಚಬಾರದು. ಮೂರೂ ತಾರೀಕನ್ನು ಒಂದು ಆವರಣದಲ್ಲಿ ಸೇರಿಸಿ ಒಟ್ಟು ಮೊತ್ತವನ್ನು ಅದರ ಎದುರು ಬರೆದರೆ ತಿಂಗಳ ಲೆಕ್ಕವೂ ಸರಿಯಿರುತ್ತದೆ, ಬೀಳದ ದಿನಕ್ಕೆ ಬೀಳದ ಮಳೆಯೂ ಸೇರುವುದಿಲ್ಲ.